ಹಲಸಿನ ಸಿಪ್ಪೆ ಮುಟ್ಟಿ ಕಲಿತ ಮಾತು

ಮಾನ್ಯ ಸಂಪಾದಕರೇ,

ನಾನು ಮಂಡ್ಯ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಚಿತ್ರಕಲಾ ಶಿಕ್ಷಕಿ. ಹೋದ ತಿಂಗಳು ಮಗಳ ಯಾವುದೋ ಪ್ರಮಾಣಪತ್ರ ಕೊಡಲು ಬಂದಿದ್ದ ಒಬ್ಬ ಪೋಷಕರು ನಮ್ಮ ಒಂಬತ್ತನೇ ತರಗತಿಯ ಬಾಗಿಲಲ್ಲಿ ನಿಂತರು. ಒಳಗೆ ಮಕ್ಕಳು ನೆಲದ ಮೇಲೆ ಗುಂಪುಗುಂಪಾಗಿ ಕೂತು ಚೌಕಾಬಾರ ಆಡುತ್ತಿದ್ದರು. ಹುಣಸೆ ಬೀಜ ಉರುಳುವ ಸದ್ದು, ಕೂಗಾಟ, ನಗು. ಅವರು ಸ್ವಲ್ಪ ಹೊತ್ತು ನೋಡಿ ಕೇಳಿದರು: "ಮೇಡಂ, ಡ್ರಾಯಿಂಗ್ ಪೀರಿಯಡ್‌ನಲ್ಲಿ ಇದನ್ನು ಯಾಕೆ ಆಡಿಸುತ್ತಿದ್ದೀರಿ? ಇದರಿಂದ ಮಕ್ಕಳಿಗೆ ಏನು ಬರುತ್ತೆ?" ಸಿಟ್ಟಿನಿಂದ ಕೇಳಿದ್ದಲ್ಲ. ನಿಜವಾಗಿಯೂ ತಿಳಿಯಬೇಕು ಅಂತಲೇ ಕೇಳಿದರು. ನಾನು ಉತ್ತರ ಶುರು ಮಾಡುವಷ್ಟರಲ್ಲಿ ಬೆಲ್ ಹೊಡೆಯಿತು, ಅವರಿಗೆ ಬಸ್ಸಿಗೆ ಹೊತ್ತಾಗಿತ್ತು. ಅವತ್ತು ಅರ್ಧಕ್ಕೆ ನಿಂತ ಉತ್ತರವನ್ನು ನಿಮ್ಮ ಪತ್ರಿಕೆಯ ಮೂಲಕ ಪೂರ್ತಿ ಹೇಳಬೇಕು ಅನ್ನಿಸಿದೆ. ಏಕೆಂದರೆ ಇದೇ ಪ್ರಶ್ನೆ ಬೇರೆ ಪೋಷಕರಿಗೂ ಇದೆ, ನನ್ನ ಜೊತೆ ಕೆಲಸ ಮಾಡುವ ಗಣಿತ, ವಿಜ್ಞಾನದ ಶಿಕ್ಷಕರಿಗೂ ಇದೆ.

ಮೊದಲು ಒಂದು ಹಳೆಯ ತಪ್ಪನ್ನು ಹೇಳಿಬಿಡುತ್ತೇನೆ. ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ನಾನು ಚಿತ್ರಕಲೆಯ ಮಾತುಗಳನ್ನು ಬೋರ್ಡಿನ ಮೇಲೆ ಬರೆದು ಕಲಿಸುತ್ತಿದ್ದೆ. ರೇಖೆ, ಆಕಾರ, ವರ್ಣ, ಛಾಯೆ, ಮೈವಳಿಕೆ, ಸಮತೋಲನ, ಲಯ, ವೈದೃಶ್ಯ. ಪ್ರತಿಯೊಂದರ ಮುಂದೆ ಒಂದು ಸಾಲಿನ ಅರ್ಥ. ಮಕ್ಕಳು ನೋಟ್ಸ್ ಬರೆದುಕೊಂಡರು, ಬಾಯಿಪಾಠ ಮಾಡಿದರು. ಕಿರುಪರೀಕ್ಷೆಯಲ್ಲಿ ಹೆಚ್ಚಿನವರು ಎಲ್ಲಾ ಸರಿ ಬರೆದರು. ನನಗೆ ಖುಷಿಯಾಯಿತು. ಆ ಖುಷಿಯಲ್ಲೇ ಒಂದು ಹಳೆಯ ಕ್ಯಾಲೆಂಡರಿನ ನಿಸರ್ಗ ಚಿತ್ರ ಗೋಡೆಗೆ ತೂಗುಹಾಕಿ, "ಇದರಲ್ಲಿ ಸಮತೋಲನ ಎಲ್ಲಿದೆ, ಬಂದು ತೋರಿಸಿ" ಅಂದೆ. ಯಾರೂ ಏಳಲಿಲ್ಲ. ಪರೀಕ್ಷೆಯಲ್ಲಿ ಹತ್ತಕ್ಕೆ ಹತ್ತು ತೆಗೆದ ಹುಡುಗಿ ಎದ್ದು ನಿಂತು ಸಮತೋಲನದ ಅರ್ಥವನ್ನು ಒಂದಕ್ಷರ ತಪ್ಪದೆ ಹೇಳಿ ಕೂತಳು. ಅರ್ಥ ಹೇಳಿದಳು, ಆದರೆ ಚಿತ್ರದಲ್ಲಿ ಅದನ್ನು ಕಾಣಲಿಲ್ಲ. ಎಡಗಡೆ ದೊಡ್ಡ ಮರ, ಬಲಗಡೆ ದೂರದಲ್ಲಿ ಚಿಕ್ಕದೊಂದು ಮನೆ ಮತ್ತು ಹೊಗೆ, ಅದು ತಕ್ಕಡಿಯಂತೆ ಒಂದಕ್ಕೊಂದು ತೂಗುತ್ತಿದೆ ಅನ್ನುವುದು ಅವಳಿಗೆ ಹೊಳೆಯಲೇ ಇಲ್ಲ. ಅದು ಅವಳ ತಪ್ಪಲ್ಲ. ನಾನು ಅವಳಿಗೆ ಮಾತು ಕೊಟ್ಟಿದ್ದೆ, ಆ ಮಾತು ಬೇಕಾಗುವ ಸಂದರ್ಭ ಕೊಟ್ಟಿರಲಿಲ್ಲ.

ಆ ಸಂದರ್ಭ ಸಿಗುವುದು ಆಟದಲ್ಲಿ. ಗೆಲ್ಲಬೇಕಾದರೆ ಒಂದು ಮಾತು ಬೇಕೇ ಬೇಕು ಅನ್ನುವ ಸ್ಥಿತಿ ಬಂದಾಗ ಮಗು ಆ ಮಾತನ್ನು ಹುಡುಕಿಕೊಂಡು ಹೋಗುತ್ತದೆ. ಹಾಗೆ ಸಿಕ್ಕಿದ ಮಾತನ್ನು ಮರೆಯುವುದು ಕಷ್ಟ. ನಾನು ಹೇಳಬೇಕಾಗಿರುವುದು ಇಷ್ಟೇ. ಆದರೆ ಬರೀ ಹೀಗೆ ಹೇಳಿದರೆ ಯಾರೂ ನಂಬುವುದಿಲ್ಲ, ಅದಕ್ಕೇ ತರಗತಿಯಲ್ಲಿ ನಡೆಯುವುದನ್ನು ಬಿಡಿಸಿ ಬರೆಯುತ್ತೇನೆ.

ನಮ್ಮಲ್ಲಿ ಒಂದು ಬಟ್ಟೆ ಚೀಲವಿದೆ. ಒಳಗೆ ಒಣಗಿದ ಹಲಸಿನ ಸಿಪ್ಪೆಯ ತುಂಡು, ತೆಂಗಿನ ನಾರು, ಒಂದು ರೇಷ್ಮೆ ಗೂಡು, ಕಂಬಳಿ ಚೂರು, ಉಪ್ಪುಕಾಗದ, ಒಣಗಿದ ಹೀರೆಕಾಯಿ, ಕಬ್ಬಿನ ಸಿಪ್ಪೆ. ಒಬ್ಬರು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಚೀಲಕ್ಕೆ ಕೈ ಹಾಕಬೇಕು. ವಸ್ತುವಿನ ಹೆಸರು ಹೇಳುವ ಹಾಗಿಲ್ಲ, ಯಾವುದಕ್ಕೆ ಉಪಯೋಗ ಅಂತಲೂ ಹೇಳುವ ಹಾಗಿಲ್ಲ. ಬೆರಳಿಗೆ ಏನು ತಿಳಿಯುತ್ತದೋ ಅದನ್ನು ಮಾತ್ರ ಹೇಳಬೇಕು. ಅವರ ಗುಂಪಿನವರು ಅದು ಏನೆಂದು ಕಂಡುಹಿಡಿಯಬೇಕು. ಮೊದಲ ದಿನ ಬರೀ "ಒರಟು", "ನುಣುಪು" ಎರಡೇ ಮಾತು. ಉಪ್ಪುಕಾಗದವೂ ಒರಟು, ಹಲಸಿನ ಸಿಪ್ಪೆಯೂ ಒರಟು, ನಾರೂ ಒರಟು. ಗುಂಪಿನವರು ತಪ್ಪು ಹೇಳಿ ಸೋತರು. ಎರಡನೇ ಸುತ್ತಿಗೆ ಮಾತು ತಾವಾಗಿ ಬಂದವು: ತರಿತರಿ, ಗಂಟುಗಂಟು, ಸುಕ್ಕುಸುಕ್ಕು, ಮುಳ್ಳುಮುಳ್ಳು, ಎಳೆಎಳೆ. ನಮ್ಮ ಕನ್ನಡದಲ್ಲಿ ಇಂಥ ಜೋಡಿ ಮಾತುಗಳು ಎಷ್ಟಿವೆ ಅಂತ ನನಗೇ ಅವತ್ತು ಗೊತ್ತಾಗಿದ್ದು. ಇವೆಲ್ಲ ಮಕ್ಕಳು ಮನೆಯಿಂದ ತಂದ ಮಾತುಗಳು. ನಾನು ಕೊಟ್ಟಿದ್ದು ಒಂದೇ ಮಾತು, ಇದಕ್ಕೆಲ್ಲ ಸೇರಿಸಿ ಚಿತ್ರಕಲೆಯಲ್ಲಿ "ಮೈವಳಿಕೆ" ಅನ್ನುತ್ತಾರೆ, ಇಂಗ್ಲಿಷಿನಲ್ಲಿ ಟೆಕ್ಸ್ಚರ್ ಅಂತ.

ಮುಂದಿನ ವಾರ ಅದೇ ಚೀಲದ ಜೊತೆಗೆ ಹಲಸಿನ ಹಣ್ಣಿನ ಒಂದು ದೊಡ್ಡ ಫೋಟೊ ಇಟ್ಟೆ. ಎಂಟನೇ ತರಗತಿಯ ಒಬ್ಬ ಹುಡುಗ ಸಿಪ್ಪೆಯನ್ನೂ ಫೋಟೊವನ್ನೂ ಒಂದಾದ ಮೇಲೊಂದು ಸವರಿ, "ಮಿಸ್, ಇದು ಕಣ್ಣಿಗೆ ಒರಟು, ಕೈಗೆ ನುಣುಪು" ಅಂದ. ಮುಟ್ಟಿ ತಿಳಿಯುವ ಮೈವಳಿಕೆ ಬೇರೆ, ನೋಡಿ ತಿಳಿಯುವ ಮೈವಳಿಕೆ ಬೇರೆ ಅನ್ನುವುದನ್ನು ವಿವರಿಸಲು ಚಿತ್ರಕಲೆಯ ಪುಸ್ತಕಗಳು ಅರ್ಧ ಪುಟ ತೆಗೆದುಕೊಳ್ಳುತ್ತವೆ. ಅವನು ಐದಾರು ಮಾತಿನಲ್ಲಿ ಮುಗಿಸಿದ. ಆ ವಾಕ್ಯವನ್ನು ಈಗಲೂ ನಮ್ಮ ಗೋಡೆಯ ಮೇಲೆ ಬರೆದಿಟ್ಟಿದ್ದೇವೆ.

ಇನ್ನೊಂದು ಆಟ ನನಗೆ ಹೊಳೆದಿದ್ದು ಶಾಲೆಯಲ್ಲಿ ಅಲ್ಲ, ಮನೆಯಲ್ಲಿ. ನನ್ನ ಅಕ್ಕ ಸಂಕ್ರಾಂತಿಯ ಹಿಂದಿನ ರಾತ್ರಿ ಫೋನಿನಲ್ಲಿ ಅವಳ ನಾದಿನಿಗೆ ರಂಗೋಲಿ ಹೇಳಿಕೊಡುತ್ತಿದ್ದಳು. "ಏಳರಿಂದ ನಾಲ್ಕು, ಸಂದು ಚುಕ್ಕಿ. ನಡುವಿನ ಚುಕ್ಕಿ ಬಿಟ್ಟು ಅದರ ಸುತ್ತ ಆರು ಚುಕ್ಕಿಗೆ ಎಳೆ ಸುತ್ತು." ಅಷ್ಟೇ. ಆ ಕಡೆಯವರು ಚಿತ್ರ ನೋಡದೆ ಬರೀ ಮಾತು ಕೇಳಿ ಅದನ್ನು ಹಾಕಿದರು. ಏಳು, ಆಮೇಲೆ ಎರಡೂ ಕಡೆ ಆರು, ಐದು, ನಾಲ್ಕು, ಒಟ್ಟು 37 ಚುಕ್ಕಿ, ಒಂದೂ ತಪ್ಪಲಿಲ್ಲ. ಹೇಳಿಕೊಡುವವರಿಗೂ ಕೇಳುವವರಿಗೂ ಒಂದೇ ಮಾತು ಗೊತ್ತಿತ್ತು, ಅದಕ್ಕೇ ಅದು ಸಾಧ್ಯವಾಯಿತು. ನೇರ ಚುಕ್ಕಿ, ಸಂದು ಚುಕ್ಕಿ, ಎಳೆ, ಸುಳಿ, ಅಂಚು, ಇವು ಚಿತ್ರಕಲೆಯ ಮಾತುಗಳಲ್ಲದೆ ಮತ್ತೇನು? ನಮ್ಮ ಹೆಂಗಸರು ಇದನ್ನು ಯಾವ ನೋಟ್ಸೂ ಇಲ್ಲದೆ ಕಲಿತಿದ್ದಾರೆ.

ಅದನ್ನೇ ತರಗತಿಗೆ ತಂದೆ. ಇಬ್ಬಿಬ್ಬರು ಬೆನ್ನಿಗೆ ಬೆನ್ನು ಕೊಟ್ಟು ಕೂರಬೇಕು. ಒಬ್ಬರ ಕೈಯಲ್ಲಿ ಒಂದು ಸರಳ ಚಿತ್ರ, ಇನ್ನೊಬ್ಬರ ಕೈಯಲ್ಲಿ ಖಾಲಿ ಹಾಳೆ. ಚಿತ್ರ ಇರುವವರು ಹೇಳಬೇಕು, ಇನ್ನೊಬ್ಬರು ಬರೆಯಬೇಕು. "ಮನೆ ಬರಿ, ಮರ ಬರಿ" ಅನ್ನುವ ಹಾಗಿಲ್ಲ. ರೇಖೆ, ಆಕಾರ, ಅಳತೆ, ದಿಕ್ಕು, ಜಾಗ, ಇಷ್ಟರಲ್ಲೇ ಹೇಳಬೇಕು. ಐದು ನಿಮಿಷ. ಆಮೇಲೆ ಎರಡೂ ಹಾಳೆ ಪಕ್ಕ ಪಕ್ಕ ಇಟ್ಟು ನೋಡುವುದು. ಮೊದಲ ಸಲ ಆಡಿದಾಗ ಯಾರ ಚಿತ್ರವೂ ಹೋಲಲಿಲ್ಲ. "ಒಂದು ಗೆರೆ ಎಳಿ ಅಂದೆ, ನೀನು ಹಿಂಗೆ ಎಳೆದಿದ್ದೀಯ!" "ಹೆಂಗೆ ಎಳೀಬೇಕು ಅಂತ ನೀನು ಹೇಳಲಿಲ್ವಲ್ಲ!" ಈ ಜಗಳವೇ ಪಾಠ. ಜಗಳ ಮುಗಿಯುವ ಹೊತ್ತಿಗೆ ಅಡ್ಡರೇಖೆ, ಲಂಬರೇಖೆ, ಓರೆರೇಖೆ, ಬಾಗಿದ ರೇಖೆ, ಸಮಾನಾಂತರ ರೇಖೆ ಇವುಗಳ ಅವಶ್ಯಕತೆ ಅವರಿಗೆ ಗೊತ್ತಾಗಿರುತ್ತದೆ. ಹಾಳೆಯ ಮೇಲ್ಭಾಗ, ಮುನ್ನೆಲೆ, ಹಿನ್ನೆಲೆ ಅನ್ನುವ ಮಾತು ಬೇಕಾಗುತ್ತವೆ. ಮೂರು ನಾಲ್ಕು ವಾರ ಆಡಿದ ಮೇಲೆ, ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರ ಒಂದು ಯಕ್ಷಗಾನದ ರೇಖಾಚಿತ್ರ ತೋರಿಸಿದೆ. ಹೆಬ್ಬಾರರು ಕೆಲವೇ ಗೆರೆಗಳಲ್ಲಿ ಕುಣಿತವನ್ನು ಹಿಡಿದವರು. ಅದನ್ನು ಮಾತಿನಲ್ಲಿ ಹೇಳಲು ಹೊರಟ ಹುಡುಗಿ ಅರ್ಧಕ್ಕೆ ನಿಲ್ಲಿಸಿ, "ಮಿಸ್, ಈ ಗೆರೆ ಬಾಗಿದ್ದು ಅಂತ ಹೇಳಿದರೆ ಸಾಲಲ್ಲ, ಇದು ಓಡುತ್ತಾ ಇದೆ" ಅಂದಳು. ರೇಖೆಗೆ ಚಲನೆ ಇರುತ್ತದೆ ಅನ್ನುವ ಮಾತನ್ನು ನಾನು ಬೋರ್ಡಿನ ಮೇಲೆ ಎಷ್ಟೋ ವರ್ಷ ಬರೆದಿದ್ದೇನೆ. ಅವತ್ತಿನವರೆಗೂ ಯಾರೂ ಅದನ್ನು ನನಗೆ ತಿರುಗಿ ಹೇಳಿರಲಿಲ್ಲ.

ಬಣ್ಣಕ್ಕೆ ನಾವು ಸೀರೆ ಅಂಗಡಿ ಆಡುತ್ತೇವೆ. ಊರಿನ ಟೈಲರ್ ಹತ್ತಿರ ಬ್ಲೌಸ್ ಬಟ್ಟೆಯ ತುಂಡುಗಳನ್ನು ಕೇಳಿ ತಂದಿದ್ದೇನೆ, ನೂರಕ್ಕಿಂತ ಜಾಸ್ತಿ ಇವೆ. ಒಬ್ಬರು ಅಂಗಡಿಯವರು, ಒಬ್ಬರು ಗಿರಾಕಿ. ಗಿರಾಕಿ ಮನಸ್ಸಿನಲ್ಲಿ ಒಂದು ತುಂಡು ಆರಿಸಿಕೊಂಡು, ಬೆರಳು ತೋರಿಸದೆ, ಬರೀ ಮಾತಿನಲ್ಲಿ ಕೇಳಬೇಕು. ಹಸಿರು ಅಂದರೆ ಸಾಲುವುದಿಲ್ಲ, ಹಸಿರೇ ಇಪ್ಪತ್ತು ಇದೆ. ಗಿಳಿ ಹಸಿರೋ, ಎಲೆ ಹಸಿರೋ, ಪಾಚಿ ಹಸಿರೋ, ರಾಮಾ ಗ್ರೀನೋ? ಕಡು, ತಿಳಿ, ಮಾಸಲು, ಢಾಳು ಎಲ್ಲವೂ ಬರಬೇಕು. "ಹಳದಿ ಕಡೆ ತಿರುಗಿದ ಹಸಿರು", "ನೀಲಿ ಜಾಸ್ತಿ ಇರೋ ಹಸಿರು" ಅಂತ ಹೇಳಲು ಶುರು ಮಾಡಿದ ದಿನ ಆ ಮಕ್ಕಳಿಗೆ ವರ್ಣಚಕ್ರ, ಅಂದರೆ ಬಣ್ಣಗಳನ್ನು ದುಂಡಾಗಿ ಜೋಡಿಸಿ ಅವುಗಳ ಸಂಬಂಧ ತೋರಿಸುವ ಚಿತ್ರ, ಅರ್ಥವಾಯಿತು ಅಂತಲೇ ಲೆಕ್ಕ. ಆಮೇಲೆ ನಾನು ವರ್ಣಚಕ್ರದ ಚಾರ್ಟ್ ಬಿಚ್ಚಿದಾಗ ಅವರು ಅದನ್ನು ಗುರುತು ಹಿಡಿದರು.

ಈ ಆಟದಲ್ಲೇ ಒಂದು ಸೋಜಿಗ. "ವೈದೃಶ್ಯ" ಅಂದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. "ಕಾಂಟ್ರಾಸ್ಟ್" ಅಂದ ಕೂಡಲೇ ಇಡೀ ತರಗತಿ ತಲೆಯಾಡಿಸಿತು. ಅಮ್ಮಂದಿರ ಕಾಂಟ್ರಾಸ್ಟ್ ಬ್ಲೌಸು, ಕಾಂಟ್ರಾಸ್ಟ್ ಬಾರ್ಡರು ಎಲ್ಲರ ಮನೆಯಲ್ಲೂ ಇದೆಯಲ್ಲ! ಮ್ಯಾಚಿಂಗ್ ಅಂದರೇನು ಅಂತಲೂ ಗೊತ್ತು. ಹಾಗಾಗಿ ನಾನು ಈಗ ಆಟಕ್ಕೆ ಮಾಡಿಕೊಂಡ ಪ್ರತಿ ಕಾರ್ಡಿನ ಮೇಲೂ ಮೂರು ಮಾತು ಬರೆಸುತ್ತೇನೆ. ಮನೆಯ ಮಾತು, ಪುಸ್ತಕದ ಕನ್ನಡ ಮಾತು, ಇಂಗ್ಲಿಷ್ ಮಾತು. ಎದ್ದು ಕಾಣೋದು, ವೈದೃಶ್ಯ, ಕಾಂಟ್ರಾಸ್ಟ್. ಇದಕ್ಕೆ ನನ್ನ ಕೆಲವು ಗೆಳೆಯರ ಆಕ್ಷೇಪ ಇದೆ. ಶುದ್ಧ ಕನ್ನಡ ಪದವನ್ನೇ ಕಲಿಸಬೇಕು ಅನ್ನುತ್ತಾರೆ ಒಬ್ಬರು. ಮುಂದೆ ಕಾಲೇಜಿಗೆ ಹೋದಾಗ ಇಂಗ್ಲಿಷೇ ಬೇಕು, ಸುಮ್ನೆ ಯಾಕೆ ಎರಡೆರಡು ಅನ್ನುತ್ತಾರೆ ಇನ್ನೊಬ್ಬರು. ನನಗೆ ಇಬ್ಬರ ಮಾತೂ ಒಪ್ಪಿಗೆಯಿಲ್ಲ. ಮಗುವಿಗೆ ಗೊತ್ತಿರುವ ಮಾತಿನಿಂದ ಶುರು ಮಾಡಿದರೆ ಉಳಿದ ಎರಡೂ ಅದರ ಹಿಂದೆ ಬರುತ್ತವೆ. ಮನೆಯ ಮಾತನ್ನು ಕಾರ್ಡಿನಿಂದ ಬಿಟ್ಟುಬಿಟ್ಟರೆ, ಚಿತ್ರಕಲೆ ತನ್ನ ಮನೆಯಲ್ಲಿ ಇಲ್ಲ, ಎಲ್ಲೋ ದೊಡ್ಡವರ ಊರಿನಲ್ಲಿದೆ ಅಂತ ಆ ಮಗು ತಿಳಿಯುತ್ತದೆ.

ಕಿರಿಯ ಮಕ್ಕಳಿಗೆ ಕೆರೆ-ದಡ. ನೆಲದ ಮೇಲೆ ಒಂದು ಗೆರೆ, ಈ ಕಡೆ ದಡ, ಆ ಕಡೆ ಕೆರೆ. ನಾನು "ಕೆಂಪು" ಅಂದರೆ ಬಿಸಿ ಬಣ್ಣ, ದಡಕ್ಕೆ ಹಾರಬೇಕು. "ನೀಲಿ" ಅಂದರೆ ತಂಪು, ಕೆರೆಗೆ ಹಾರಬೇಕು. ಕಿತ್ತಳೆ, ಹಳದಿ, ಕಾವಿ, ಎಲ್ಲಾ ದಡ. ನೇರಳೆ ಅಂದಾಗ ಅರ್ಧ ಮಕ್ಕಳು ಆ ಕಡೆ, ಅರ್ಧ ಮಕ್ಕಳು ಈ ಕಡೆ, ಇಬ್ಬರು ಗೆರೆಯ ಮೇಲೇ ನಿಂತರು. ಗೆರೆಯ ಮೇಲೆ ನಿಂತವರೂ ಗೆದ್ದರು ಅಂತ ತೀರ್ಮಾನ ಕೊಟ್ಟೆ. ನೇರಳೆಯಲ್ಲಿ ಕೆಂಪೂ ಇದೆ, ನೀಲಿಯೂ ಇದೆ, ಯಾವುದು ಜಾಸ್ತಿಯೋ ಆ ಕಡೆ ಅದು ವಾಲುತ್ತದೆ.

ಇಲ್ಲಿ ಒಂದು ವಿಷಯ ಹೇಳಲೇಬೇಕು, ಯಾಕೆಂದರೆ ಬೇರೆ ಶಿಕ್ಷಕರು ನನ್ನ ಹಾಗೆ ಎಡವಬಾರದು. ಸೀರೆ ಅಂಗಡಿ ಆಟದಲ್ಲಿ ಒಬ್ಬ ಹುಡುಗ ಯಾವಾಗಲೂ ಸೋಲುತ್ತಿದ್ದ. ಕೆಂಪು ತುಂಡು ಕೇಳಿದರೆ ಹಸಿರು ಕೊಡುತ್ತಿದ್ದ, ಮಕ್ಕಳು ನಗುತ್ತಿದ್ದರು. ಅವನು ಗಮನ ಕೊಡುತ್ತಿಲ್ಲ ಅಂತ ನಾನೂ ಒಂದೆರಡು ಸಲ ಗದರಿದೆ. ಆಮೇಲೆ ಹೊಳೆಯಿತು, ಅವನಿಗೆ ಕೆಂಪು ಮತ್ತು ಹಸಿರಿನ ವ್ಯತ್ಯಾಸವೇ ಸರಿಯಾಗಿ ಕಾಣುವುದಿಲ್ಲ. ಈ ತೊಂದರೆ ಹುಟ್ಟಿನಿಂದ ಬರುವಂಥದ್ದು, ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಲ್ಲಿ ಜಾಸ್ತಿ. ಮನೆಯವರಿಗೂ ಅದು ಗೊತ್ತಿರಲಿಲ್ಲ, ಕಣ್ಣಿನ ಡಾಕ್ಟರ ಹತ್ತಿರ ಕಳಿಸಿದೆವು. ಅವನನ್ನು ಗದರಿದ್ದು ನೆನೆದರೆ ನನಗೆ ಇವತ್ತಿಗೂ ನೋವಾಗುತ್ತದೆ. ಆದರೆ ಕಡು-ತಿಳಿಯ ಆಟದಲ್ಲಿ ಆ ಹುಡುಗನನ್ನು ಯಾರೂ ಸೋಲಿಸಲಾರರು. ಆ ಆಟಕ್ಕೆ ಕಾಫಿ ಡಿಕಾಕ್ಷನ್ ಸಾಕು. ಗಟ್ಟಿ ಡಿಕಾಕ್ಷನ್‌ನಿಂದ ಶುರು ಮಾಡಿ, ನೀರು ಬೆರೆಸುತ್ತಾ ಹೋಗಿ ಒಂಬತ್ತು ಕಾಗದಕ್ಕೆ ಬಳಿದು ಒಣಗಿಸುವುದು. ಒಂಬತ್ತು ಮಕ್ಕಳ ಬೆನ್ನಿಗೆ ಒಂದೊಂದು ಅಂಟಿಸುವುದು. ಅವರವರ ಬಣ್ಣ ಅವರವರಿಗೆ ಕಾಣದು. ಬಾಯಿ ಬಿಡದೆ, ಒಬ್ಬರನ್ನೊಬ್ಬರು ಹಿಡಿದು ಸರಿಸುತ್ತಾ, ಕಡುವಿನಿಂದ ತಿಳಿಗೆ ಸಾಲಾಗಿ ನಿಲ್ಲಬೇಕು. ಅವನು ಕಣ್ಣು ಕಿರಿದು ಮಾಡಿ ಒಂದೇ ಕ್ಷಣದಲ್ಲಿ ಎಲ್ಲರನ್ನೂ ಜೋಡಿಸುತ್ತಾನೆ.

ಈ ಆಟ ಆಡಿಸಿದ ಮೇಲೆ ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಗೆ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಅಲ್ಲಿ ದೀಪ ಹಿಡಿದ ಹೆಂಗಸಿನ ಚಿತ್ರವಿದೆ, ಎಲ್ಲರಿಗೂ ಗೊತ್ತಿರುವುದೇ. ಎಷ್ಟೋ ಜನ ಅದು ರವಿವರ್ಮನದ್ದು ಅಂದುಕೊಂಡಿದ್ದಾರೆ. ಅದು ಎಸ್.ಎಲ್. ಹಳದಣಕರ್ ಅವರ ಕೈಯ ಜಲವರ್ಣ ಚಿತ್ರ, ರೂಪದರ್ಶಿಯಾಗಿ ನಿಂತವಳು ಅವರ ಮಗಳೇ. ಬೇರೆಯವರು ಅದರ ಮುಂದೆ ನಿಂತು "ಎಷ್ಟು ಚೆನ್ನಾಗಿದೆ" ಅಂದು ಮುಂದೆ ಹೋಗುತ್ತಿದ್ದರೆ, ನಮ್ಮ ಮಕ್ಕಳು ಅಲ್ಲೇ ನಿಂತು ಲೆಕ್ಕ ಹಾಕುತ್ತಿದ್ದರು: ಮುಖದ ಮೇಲೆ ಎಷ್ಟು ಬಗೆಯ ತಿಳಿ ಇದೆ, ಸೀರೆಯ ಮಡಿಕೆಯಲ್ಲಿ ಕಡು ಎಲ್ಲಿ ಶುರುವಾಗುತ್ತದೆ, ಬೆರಳ ಸಂದಿನಲ್ಲಿ ಬೆಳಕು ಹೇಗೆ ಕೆಂಪಾಗಿದೆ. ನೋಡುವುದಕ್ಕೂ ಮಾತು ಬೇಕು. ಹೆಸರು ಗೊತ್ತಿಲ್ಲದ್ದು ಕಣ್ಣಿಗೆ ಬಿದ್ದರೂ ಜಾರಿಹೋಗುತ್ತದೆ.

ಇನ್ನು ಆ ಪೋಷಕರು ನೋಡಿದ ಚೌಕಾಬಾರ. ಅದು ಹೊಸದು ಕಲಿಸುವ ಆಟವಲ್ಲ, ಕಲಿತದ್ದನ್ನು ಮತ್ತೆ ನೆನಪಿಗೆ ತರುವ ಆಟ. ಐದು ಐದಲ ಇಪ್ಪತ್ತೈದು ಮನೆ. ನಾಲ್ಕು ಕಡೆಯ ಕಟ್ಟೆಮನೆ ಮತ್ತು ನಡುವಿನ ಹಣ್ಣಿನ ಮನೆ ಬಿಟ್ಟರೆ ಇಪ್ಪತ್ತು ಉಳಿಯುತ್ತವೆ, ಆ ಇಪ್ಪತ್ತರಲ್ಲೂ ಒಂದೊಂದು ಮಾತು. ಕಾಯಿ ಯಾವ ಮನೆಗೆ ಬಂತೋ ಆ ಮಾತಿನ ಅರ್ಥ ಹೇಳಿದರೆ ಸಾಲದು, ಅದನ್ನು ತೋರಿಸಬೇಕು. "ಲಯ" ಬಂದರೆ ಕಿಟಕಿಯ ಸರಳು ತೋರಿಸಬಹುದು, ಗೆಳತಿಯ ಜಡೆ ಹೆಣಿಗೆ ತೋರಿಸಬಹುದು. "ಸಮತೋಲನ" ಬಂದರೆ ಹೊರಗೆ ಓಡಿಹೋಗಿ ಬೋರ್‌ವೆಲ್ ಹತ್ತಿರ ಎರಡು ಕೊಡ ಹೊತ್ತು ನಿಂತವರನ್ನು ತೋರಿಸಿದವರೂ ಇದ್ದಾರೆ. ತೋರಿಸಿದ್ದು ಸರಿಯೋ ತಪ್ಪೋ ಅಂತ ಎದುರು ಆಟಗಾರರು ಹೇಳಬೇಕು. ಅವರು ಸುಲಭವಾಗಿ ಒಪ್ಪುವುದಿಲ್ಲ, ಅಲ್ವಾ? ವಾದ ಮಾಡುತ್ತಾರೆ. ಆ ವಾದಕ್ಕೇ ನಾನು ಕಾಯುವುದು. ಒಬ್ಬ ಹುಡುಗಿ ಗಡಿಯಾರ ತೋರಿಸಿ ಇದು ಸಮತೋಲನ ಅಂದಾಗ, "ಈಗ ಮೂರು ಗಂಟೆ, ಮುಳ್ಳು ಎಲ್ಲಾ ಒಂದೇ ಕಡೆ ಇದೆ, ಆರು ಗಂಟೆಗೆ ಬಾ" ಅಂತ ಎದುರಿನವನು ಹೇಳಿದ. ಎಷ್ಟು ಚೆನ್ನಾಗಿ ನೋಡಿದ್ದಾನೆ ನೋಡಿ!

ಚೌಕಾಬಾರದ ಮನೆಗಳಲ್ಲಿರುವ ಮಾತುಗಳನ್ನೆಲ್ಲಾ ನಾನು ವಾರ ವಾರ ಬದಲಿಸುವುದಿಲ್ಲ. ಹೊಸ ಮಾತು ವಾರಕ್ಕೆ ನಾಲ್ಕಕ್ಕಿಂತ ಜಾಸ್ತಿ ಇಲ್ಲ. ಹಳೆಯವು ಒಂದು ವಾರ ಬಿಟ್ಟು, ಆಮೇಲೆ ಒಂದು ತಿಂಗಳು ಬಿಟ್ಟು ಮತ್ತೆ ಬರುತ್ತವೆ. ಮರೆಯುವಷ್ಟರಲ್ಲಿ ಮತ್ತೆ ನೆನಪಿನಿಂದ ಹೊರಗೆ ಎಳೆಯಬೇಕಾಗಿ ಬಂದರೆ ಮಾತು ಗಟ್ಟಿಯಾಗುತ್ತದೆ. ಇದು ಎಲ್ಲಾ ಪಾಠಕ್ಕೂ ನಿಜ.

ನಮ್ಮ ಮೈಸೂರು ಸೀಮೆಗೆ ಇನ್ನೊಂದು ಭಾಗ್ಯ ಇದೆ, ಅದು ಗಂಜೀಫಾ. ಕೈಯಲ್ಲಿ ಬಿಡಿಸಿದ, ದುಂಡನೆಯ ಆಟದ ಎಲೆಗಳು. ದಶಾವತಾರ ಗಂಜೀಫಾದಲ್ಲಿ ಹತ್ತು ಅವತಾರಕ್ಕೆ ಹನ್ನೆರಡರಂತೆ 120 ಎಲೆ. ರಾಜ, ಮಂತ್ರಿ, ಆಮೇಲೆ ಒಂದರಿಂದ ಹತ್ತು. ಒಂದೊಂದು ಗುಂಪಿಗೂ ಅದರದ್ದೇ ಹಿನ್ನೆಲೆ ಬಣ್ಣ, ಅದರದ್ದೇ ಗುರುತು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿನಲ್ಲಿ ಇದಕ್ಕೆ ದೊಡ್ಡ ಆಶ್ರಯ ಸಿಕ್ಕಿತ್ತು. ಆಟವೂ ಚಿತ್ರವೂ ಒಂದೇ ಎಲೆಯಲ್ಲಿ ಕೂತಿದ್ದವು. ನಾವು ಅದನ್ನು ನೋಡಿ ನಮ್ಮದೇ ಒಂದು ಸೆಟ್ ಮಾಡಿಕೊಂಡೆವು. ಹಳೆಯ ಮದುವೆ ಪತ್ರಿಕೆಗಳು ಒಳ್ಳೆಯ ದಪ್ಪ ಕಾಗದ. ಬಳೆ ಇಟ್ಟು ಸುತ್ತ ಗೆರೆ ಎಳೆದು ಕತ್ತರಿಸಿದರೆ ದುಂಡಗಿನ ಎಲೆ ಸಿದ್ಧ. ಐದು ಗುಂಪು, ಗುಂಪಿಗೆ ಎಂಟು, ಒಟ್ಟು 40. ರೇಖೆ, ಆಕಾರ, ಬಣ್ಣ, ಮೈವಳಿಕೆ, ನೆರಳು-ಬೆಳಕು. ಮಾತು ಒಂದು ಎಲೆಯಲ್ಲಿ, ಅದಕ್ಕೆ ಹೊಂದುವ ಚಿತ್ರ ಇನ್ನೊಂದರಲ್ಲಿ. ಚಿತ್ರ ಬಿಡಿಸುವಾಗಲೇ ಅರ್ಧ ಕಲಿಕೆ ಮುಗಿಯಿತು, ಆಡುವಾಗ ಇನ್ನರ್ಧ.

ಶ್ರೀರಂಗಪಟ್ಟಣದ ದರಿಯಾ ದೌಲತ್, ಟಿಪ್ಪುವಿನ ಬೇಸಿಗೆ ಅರಮನೆ, ನಮಗೆ ಹತ್ತಿರ. 1784ರಲ್ಲಿ ಕಟ್ಟಿದ್ದು. ಪಡುವಣ ಗೋಡೆಯ ತುಂಬ, ಮೈಸೂರು ಸೇನೆ ಬ್ರಿಟಿಷರನ್ನು ಸೋಲಿಸಿದ 1780ರ ಪೊಳ್ಳಿಲೂರು ಯುದ್ಧದ ಚಿತ್ರ. ಪ್ರವಾಸ ಬಂದ ಶಾಲೆಯ ಮಕ್ಕಳು ಸಾಲಾಗಿ ಬಂದು ಸಾಲಾಗಿ ಹೋಗುವುದನ್ನು ನೋಡಿ ನನಗೆ ಬೇಸರವಾಗುತ್ತದೆ. ಅಷ್ಟು ದೊಡ್ಡ ಚಿತ್ರದಲ್ಲಿ ಎಲ್ಲಿ ನೋಡಬೇಕು ಅಂತ ಅವರಿಗೆ ಯಾರೂ ಹೇಳಿರುವುದಿಲ್ಲ. ನಾವು ಹೋಗುವಾಗ ಪ್ರತಿ ಜೋಡಿಗೆ ಒಂದು ಚೀಟಿ ಕೊಡುತ್ತೇನೆ. "ಲಯ ಹುಡುಕಿ" ಅಂದವರು ಒಂದೇ ತರಹ ಹೆಜ್ಜೆ ಇಟ್ಟ ಸಿಪಾಯಿಗಳ ಸಾಲು ಹಿಡಿದರು. "ಒತ್ತು ಎಲ್ಲಿದೆ" ಅಂತ ಚೀಟಿ ಬಂದವರು, ಪಲ್ಲಕ್ಕಿಯಲ್ಲಿ ಕೂತು ಬೆರಳು ಕಚ್ಚುತ್ತಿರುವ ಬ್ರಿಟಿಷ್ ಸೇನಾಧಿಕಾರಿ ಕರ್ನಲ್ ಬೇಲಿಯ ಚಿತ್ರದ ಹತ್ತಿರ ನಿಂತರು. ಸುತ್ತ ಬ್ರಿಟಿಷ್ ಸೈನಿಕರು ಚೌಕಾಕಾರ ಕಟ್ಟಿ ನಿಂತಿದ್ದಾರೆ, ಎಲ್ಲಾ ಕಡೆಯಿಂದ ಕುದುರೆಗಳು ಅತ್ತಲೇ ನುಗ್ಗುತ್ತಿವೆ, ಕಣ್ಣೂ ಅತ್ತಲೇ ಹೋಗುತ್ತದೆ. "ದೂರವನ್ನು ಹೇಗೆ ತೋರಿಸಿದ್ದಾರೆ" ಅನ್ನುವ ಚೀಟಿಗೆ ಒಬ್ಬಳ ಉತ್ತರ: "ಚಿಕ್ಕದು ಮಾಡಿ ತೋರಿಸಿಲ್ಲ ಮಿಸ್, ಮೇಲೆ ಮೇಲೆ ಇಟ್ಟು ತೋರಿಸಿದ್ದಾರೆ." ದೂರದ್ದನ್ನು ಚಿಕ್ಕದಾಗಿ ಬರೆಯುವ ಪರ್ಸ್ಪೆಕ್ಟಿವ್ ಇಲ್ಲದೆಯೂ ನಮ್ಮ ಚಿತ್ರಗಾರರು ಆಳ ತೋರಿಸುತ್ತಿದ್ದ ಬಗೆಯನ್ನು ಒಂಬತ್ತನೇ ತರಗತಿಯ ಹುಡುಗಿ ತಾನೇ ಕಂಡುಕೊಂಡಳು.

ಎಲ್ಲಾ ಆಟವೂ ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ. ಬಜರ್ ಒತ್ತುವ ಕ್ವಿಜ್ ಬಿಟ್ಟುಬಿಟ್ಟೆ. ಅದರಲ್ಲಿ ಯಾವಾಗಲೂ ಅದೇ ನಾಲ್ಕು ಮಕ್ಕಳು ಗೆಲ್ಲುತ್ತಾರೆ, ಉಳಿದವರು ಮೊದಲ ಐದು ನಿಮಿಷದಲ್ಲೇ ಕೈಚೆಲ್ಲುತ್ತಾರೆ. ನಿಧಾನವಾಗಿ ನೋಡುವುದನ್ನು ಕಲಿಸಬೇಕಾದ ಪಾಠದಲ್ಲಿ ಬೇಗ ಹೇಳಿದವರಿಗೆ ಅಂಕ ಕೊಡುವುದು ತಪ್ಪು. ಅರ್ಥವನ್ನು ಮಾತಿಗೆ ಗೆರೆ ಎಳೆದು ಹೊಂದಿಸುವ ಆಟಗಳೂ ಅಷ್ಟೇ, ಅವು ಬಾಯಿಪಾಠಕ್ಕೆ ಬಣ್ಣದ ಅಂಗಿ ತೊಡಿಸಿದ ಹಾಗೆ. ಆಟದಲ್ಲಿ ಒಂದು ನಿಜವಾದ ವಸ್ತುವೋ ಚಿತ್ರವೋ ಇರಬೇಕು, ಅದನ್ನು ನೋಡಬೇಕು ಅಥವಾ ಮುಟ್ಟಬೇಕು, ಮಾತಿಲ್ಲದೆ ಆಟ ಮುಂದಕ್ಕೆ ಹೋಗಬಾರದು. ಮತ್ತೆ, ಆಟ ಮುಗಿದ ಮೇಲೆ ಚಿತ್ರ ಬಿಡಿಸಲೇಬೇಕು. ನಲವತ್ತು ನಿಮಿಷದಲ್ಲಿ ಆಟ ಹದಿನೈದು ನಿಮಿಷ ಸಾಕು. ಉಳಿದದ್ದು ಪೆನ್ಸಿಲ್ಲಿಗೆ, ಕುಂಚಕ್ಕೆ. ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆ ಕಟ್ಟುವ ನಮ್ಮ ಮಕ್ಕಳಿಗೆ ಕೈ ಅಭ್ಯಾಸ ಬೇಕೇ ಬೇಕು, ಅದನ್ನು ಯಾವ ಆಟವೂ ತುಂಬಿಕೊಡುವುದಿಲ್ಲ.

ಆದರೆ ಆ ನಲವತ್ತು ನಿಮಿಷ ಸಿಗುವುದೇ ಕಷ್ಟ. ಎಸ್ಸೆಸ್ಸೆಲ್ಸಿಯ ಒಟ್ಟು ಅಂಕದಲ್ಲಿ ಚಿತ್ರಕಲೆ ಇಲ್ಲ. ಅದಕ್ಕೇ ಡಿಸೆಂಬರ್ ಬಂತೆಂದರೆ ಹತ್ತನೇ ತರಗತಿಯ ಡ್ರಾಯಿಂಗ್ ಪೀರಿಯಡ್ ಬೇರೆ ವಿಷಯಕ್ಕೆ ಹೋಗುತ್ತದೆ. ನಾನು ಕೆಲಸ ಮಾಡಿದ ಒಂದು ಶಾಲೆಯಲ್ಲಿ ಜೂನ್‌ನಲ್ಲೇ ಹೋಗಿತ್ತು. ಎಷ್ಟೋ ಶಾಲೆಗಳಲ್ಲಿ ಚಿತ್ರಕಲಾ ಶಿಕ್ಷಕರೇ ಇಲ್ಲ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೇ ತರಗತಿಯವರೆಗೆ ಕಲೆ ಕಡ್ಡಾಯ ವಿಷಯವಾಗಬೇಕು ಅಂದಿತು. 2020ರ ಶಿಕ್ಷಣ ನೀತಿ, ಪಾಠ ಬೇರೆ, ಪಠ್ಯೇತರ ಬೇರೆ ಅನ್ನುವ ಗೋಡೆ ಬೇಡ ಅಂದಿತು. ಕಾಗದದಲ್ಲಿ ಎಲ್ಲವೂ ಇದೆ. ನಮ್ಮ ಪಕ್ಕದ ಎಚ್.ಡಿ. ಕೋಟೆಯಲ್ಲೇ 1995ರಲ್ಲಿ ನಲಿ-ಕಲಿ ಶುರುವಾಗಿದ್ದು. ಕಾರ್ಡು, ಹಾಡು, ಆಟದಿಂದ ಒಂದರಿಂದ ಮೂರನೇ ತರಗತಿಯ ಮಕ್ಕಳು ಕಲಿಯಬಹುದು ಅಂತ ರಾಜ್ಯವೇ ಒಪ್ಪಿಕೊಂಡಿದೆ. ಎಂಟನೇ ತರಗತಿಗೆ ಬರುವ ಹೊತ್ತಿಗೆ ಅದೇ ಮಕ್ಕಳು ಆಟ ಆಡಿದರೆ ಸಮಯ ಹಾಳು ಅಂತ ನಾವು ಯಾಕೆ ಅಂದುಕೊಳ್ಳುತ್ತೇವೆ?

ಹಾಗಾಗಿ ಶಿಕ್ಷಣ ಇಲಾಖೆಗೆ ನನ್ನ ಕೋರಿಕೆ ದೊಡ್ಡದಲ್ಲ. ವೇಳಾಪಟ್ಟಿಯಲ್ಲಿ ಇರುವ ಚಿತ್ರಕಲೆಯ ಅವಧಿ ಚಿತ್ರಕಲೆಗೇ ಉಳಿಯಲಿ. ಶಿಕ್ಷಕರ ತರಬೇತಿಯಲ್ಲಿ ಒಂದು ದಿನ ನಮ್ಮಂಥವರು ಇಂಥ ಆಟಗಳನ್ನು ಒಬ್ಬರಿಗೊಬ್ಬರು ಆಡಿ ತೋರಿಸಲು ಅವಕಾಶ ಇರಲಿ. ಕೊಪ್ಪಳದ ಕಿನ್ನಾಳ ಗೊಂಬೆ, ಬೀದರಿನ ಬಿದರಿ ಲೋಹದ ಕೆಲಸ, ಸಾಗರದ ಕಡೆಯ ಹಸೆ ಚಿತ್ತಾರ, ಧಾರವಾಡ ಸೀಮೆಯ ಕಸೂತಿ, ಇವುಗಳ ಸುತ್ತ ಇರುವ ಶಾಲೆಗಳ ಶಿಕ್ಷಕರಿಗೆ ನನಗೆ ಗೊತ್ತಿಲ್ಲದ ಮಾತುಗಳು ಗೊತ್ತಿರುತ್ತವೆ. ಕಸೂತಿ ಹಾಕುವವರ ಬಾಯಲ್ಲಿ ಗವಂತಿ, ಮುರ್ಗಿ, ನೇಗಿ, ಮೆಂತಿ ಅಂತ ಒಂದೊಂದು ಹೊಲಿಗೆಗೂ ಹೆಸರಿದೆ. ಆ ಮಾತುಗಳೂ ನಮ್ಮ ಎಲೆಗಳ ಮೇಲೆ ಬರಬೇಕು ಅನ್ನುವುದು ನನ್ನ ಆಸೆ.

ಸಂಪಾದಕರೇ, ನಿಮ್ಮಲ್ಲೂ ಒಂದು ಮಾತು. ಭಾನುವಾರದ ಮಕ್ಕಳ ಪುಟದಲ್ಲಿ ವಾರಕ್ಕೊಂದು ಚಿತ್ರ ದೊಡ್ಡದಾಗಿ ಹಾಕಿ. ಬೇಲೂರಿನ ಒಂದು ಶಿಲ್ಪವೋ, ಕಲಾವಿದ ಕೆ. ವೆಂಕಟಪ್ಪನವರ ಒಂದು ನಿಸರ್ಗ ಚಿತ್ರವೋ, ಹೆಬ್ಬಾರರ ರೇಖೆಯೋ, ಯಾವುದಾದರೂ ಸರಿ. ಅಡಿಯಲ್ಲಿ ವಿವರಣೆ ಬೇಡ, ಕಲಾವಿದರ ಹೆಸರು ಇದ್ದರೆ ಸಾಕು, ಉಳಿದದ್ದನ್ನು ಮಕ್ಕಳು ಹುಡುಕುತ್ತಾರೆ. ಸಾಧ್ಯವಾದರೆ ಅದರ ಹಿಂದಿನ ಪುಟದಲ್ಲಿ ಬೇರೆ ಚಿತ್ರ ಬರದ ಹಾಗೆ ನೋಡಿಕೊಳ್ಳಿ. ಕತ್ತರಿಸಿ ಎಲೆಗೆ ಅಂಟಿಸುವಾಗ ಎರಡೂ ಬೇಕು ಅಂತ ನಮ್ಮ ಮಕ್ಕಳು ಜಗಳ ಆಡುತ್ತಾರೆ.

ಇತಿ,
ಒಬ್ಬ ಚಿತ್ರಕಲಾ ಶಿಕ್ಷಕಿ
ಮಂಡ್ಯ ಜಿಲ್ಲೆ